ಕಪ್ಪೆ ಸಿನಿಮಾ ನೋಡಿ ಬಂದ ರಾತ್ರಿ ಹರಟೆ ಕೂರಿಸುವುದು ಹೇಗೆ

2011ರ ನವೆಂಬರ್ 23, ಬುಧವಾರ. ಮಾರನೇ ದಿನ ಥ್ಯಾಂಕ್ಸ್‌ಗಿವಿಂಗ್ ರಜೆ. ರಾತ್ರಿ ಹತ್ತೂವರೆಗೆ ನ್ಯೂಜೆರ್ಸಿಯ ನಮ್ಮ ಅಡುಗೆಮನೆಯಲ್ಲಿ ಆರು ಜನ ಇದ್ದೆವು. ನಾನು, ನಮ್ಮನೆಯವರು, ಊರಿಂದ ಬಂದಿದ್ದ ಅತ್ತೆ, ಮತ್ತೆ ಮೂವರು ಮಪೆಟ್ ಹುಚ್ಚರು. ಮಪೆಟ್ ಅಂದರೆ ಅಮೆರಿಕದ ಟಿವಿ, ಸಿನಿಮಾಗಳಲ್ಲಿ ಬರುವ ಗೊಂಬೆಗಳು. ಒಬ್ಬಳು ನನ್ನ ಆಫೀಸಿನ ಅಕೌಂಟ್ಸ್ ಗೆಳತಿ, ಒಬ್ಬ ಅವಳ ಅಣ್ಣ, ಇನ್ನೊಬ್ಬ ಮೇಲಿನ ಮನೆಯ ಗಡ್ಡದವನು. 'ದಿ ಮಪೆಟ್ಸ್' ಅವತ್ತೇ ಬಿಡುಗಡೆಯಾಗಿತ್ತು. 1999ರ ನಂತರ ಥಿಯೇಟರಿಗೆ ಬಂದ ಮೊದಲ ಮಪೆಟ್ ಸಿನಿಮಾ ಅದು. ಹನ್ನೆರಡು ವರ್ಷ ಕಾದ ಮೂವರೂ ಒಟ್ಟಿಗೇ ಮಾತಾಡುತ್ತಿದ್ದರು. ಯಾರ ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಅರ್ಧ ಗಂಟೆ ನೋಡಿದೆ. ಆಮೇಲೆ ಹಳೇ ಕ್ಯಾಲೆಂಡರ್ ಹಾಳೆ ಹರಿದು ಚೀಟಿ ಮಾಡಿದೆ.

ಅವತ್ತಿನಿಂದ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಾನು ಮಪೆಟ್ ನೋಡಿ ಬೆಳೆದವಳಲ್ಲ, ಸಾಗರದವಳು. ಆ ಗೊಂಬೆಗಳ ನಾಯಕ ಕರ್ಮಿಟ್ ಕಪ್ಪೆ ನನಗೆ ಪರಿಚಯವಾಗಿದ್ದು ಮದುವೆಯಾಗಿ ಇಲ್ಲಿಗೆ ಬಂದ ಮೇಲೆ, ಡಿವಿಡಿಯಲ್ಲಿ. ಹಾಗಾಗಿ ಹಳಬರ ನಡುವೆ ಹೊಸಬರು ಹೇಗೆ ಕಕ್ಕಾಬಿಕ್ಕಿಯಾಗುತ್ತಾರೆ ಅಂತ ಚೆನ್ನಾಗಿ ಗೊತ್ತು.

ಮೊದಲು ತಯಾರಿ. ಸಿನಿಮಾಕ್ಕೆ ಒಂದು ವಾರ ಮುಂಚೆ 1979ರ 'ದಿ ಮಪೆಟ್ ಮೂವಿ' ನೋಡಿ. ಅದೊಂದೇ ಸಾಕು. 1981, 84, 92, 96, 99ರವನ್ನೂ ನೋಡಲೇಬೇಕು ಅಂತ ಯಾರಾದರೂ ಪಟ್ಟಿ ಕೊಟ್ಟರೆ ನಕ್ಕು ಜೇಬಿಗೆ ಹಾಕಿಕೊಳ್ಳಿ, ಇದೇನು ಪರೀಕ್ಷೆ ಅಲ್ವಲ್ಲ. 1979ರದ್ದು ಯಾಕೆ ಬೇಕು ಅಂದರೆ, ಅದರ ಶುರುವಿನಲ್ಲೇ ಕರ್ಮಿಟ್ ಜೌಗು ನೀರಿನ ನಡುವೆ ಮರದ ದಿಮ್ಮಿ ಮೇಲೆ ಕೂತು, ಬ್ಯಾಂಜೊ ನುಡಿಸುತ್ತಾ 'ರೇನ್‌ಬೋ ಕನೆಕ್ಷನ್' ಹಾಡುತ್ತಾನೆ. ಅವನನ್ನು ಸೃಷ್ಟಿಸಿದ ಜಿಮ್ ಹೆನ್ಸನ್ ಆ ಹೊತ್ತಿಗೆ ಅದೇ ನೀರಿನ ಕೆಳಗೆ, ಒಂದು ಲೋಹದ ಡಬ್ಬಿಯೊಳಗೆ ಮುದುರಿ ಕೂತು ಕೈ ಮೇಲೆತ್ತಿ ಗೊಂಬೆ ಆಡಿಸುತ್ತಿದ್ದರು. 2011ರ ಸಿನಿಮಾದಲ್ಲಿ ಇದೇ ಹಾಡು ವೇದಿಕೆ ಮೇಲೆ ಮತ್ತೆ ಬರುತ್ತದೆ. ಹಳೆಯದನ್ನು ನೋಡಿರದಿದ್ದರೆ, ಪಕ್ಕದ ಸೀಟಿನ ನಲವತ್ತು ದಾಟಿದ ಗಂಡಸು ಯಾಕೆ ಮೂಗು ಒರೆಸಿಕೊಳ್ಳುತ್ತಿದ್ದಾನೆ ಅಂತ ನಿಮಗೆ ತಿಳಿಯುವುದೇ ಇಲ್ಲ.

ಟೈಮಿದ್ದರೆ 'ದಿ ಮಪೆಟ್ ಶೋ'ದ ಒಂದೆರಡು ಕಂತು ಸೇರಿಸಿಕೊಳ್ಳಿ. 1976ರಿಂದ 81ರವರೆಗೆ ಇಂಗ್ಲೆಂಡಿನ ಎಲ್‌ಸ್ಟ್ರೀ ಸ್ಟುಡಿಯೋದಲ್ಲಿ ತೆಗೆದ 120 ಕಂತುಗಳಿವೆ. ಯಾವುದಾದರೂ ನಡೆಯುತ್ತದೆ.

ಸಿನಿಮಾ ಮುಗಿದ ಮೇಲೆ ಕಾರಿನಲ್ಲಿ ಅದರ ಮಾತು ಬೇಡ. ಇದು ಕಷ್ಟ, ಒಪ್ಪುತ್ತೇನೆ. ಆದರೆ ಕಾರಿನಲ್ಲಿ ಮೊದಲು ಬಾಯಿ ಬಿಟ್ಟವರ ಅಭಿಪ್ರಾಯವೇ ಮನೆ ತಲುಪುವಷ್ಟರಲ್ಲಿ ಎಲ್ಲರ ಅಭಿಪ್ರಾಯ ಆಗಿರುತ್ತದೆ. ಟ್ರಾಫಿಕ್ಕು, ಚಳಿ, ಪಾರ್ಕಿಂಗು, ಏನು ಬೇಕಾದರೂ ಮಾತಾಡಿ. ಮನೆಗೆ ಬಂದ ಕೂಡಲೇ ಎಲ್ಲರಿಗೂ ಒಂದೊಂದು ಚೀಟಿ ಕೊಡಿ. ಅದರಲ್ಲಿ ಒಂದೇ ಒಂದು ಗಳಿಗೆ ಬರೆಯಬೇಕು. ನಕ್ಕಿದ್ದೋ, ಗಂಟಲು ಕಟ್ಟಿದ್ದೋ, ಸಿಟ್ಟು ಬಂದಿದ್ದೋ, ಯಾವುದೇ ಇರಲಿ. "ಚೆನ್ನಾಗಿತ್ತು" ಅಂತ ಬರೆದರೆ ಚೀಟಿ ವಾಪಸ್ಸು. ಏನು ಚೆನ್ನಾಗಿತ್ತು? ಎಲ್ಲಿ? ಆಗ ತೆರೆ ಮೇಲೆ ಯಾರಿದ್ದರು?

ಗಡ್ಡದವನು ಮೊದಲು ಬರೆದಿದ್ದು "ಬಾಲ್ಯ ನೆನಪಾಯಿತು" ಅಂತ. ವಾಪಸ್ಸು ಕೊಟ್ಟೆ. ಮುಖ ಸಿಂಡರಿಸಿಕೊಂಡು ಮತ್ತೆ ಬರೆದ: ಕರ್ಮಿಟ್ ತನ್ನ ದೊಡ್ಡ ಮನೆಯಲ್ಲಿ ಒಬ್ಬನೇ ನಡೆಯುತ್ತಾ, ಗೋಡೆ ಮೇಲಿನ ಹಳೇ ಗೆಳೆಯರ ಪಟಗಳ ಮುಂದೆ ಹಾಡುತ್ತಾನಲ್ಲ, ಆ ಪಟಗಳು ತಾವೂ ದನಿಗೂಡಿಸಿದಾಗ ತನ್ನ ಕಾಲೇಜು ರೂಮ್‌ಮೇಟಿಗೆ ಫೋನ್ ಮಾಡಬೇಕು ಅನಿಸಿತಂತೆ. ಇಬ್ಬರೂ ಮಾತಾಡಿ ಆರು ವರ್ಷವಾಗಿತ್ತಂತೆ. ನೋಡಿ, ಎರಡನೇ ಚೀಟಿಯಲ್ಲಿ ಮಾತಾಡುವುದಕ್ಕೆ ಏನೋ ಒಂದಿದೆ.

ಓದುವಾಗ ಹೊಸಬರದ್ದು ಮೊದಲು. ಇದನ್ನು ಬಿಟ್ಟುಕೊಡಲೇಬೇಡಿ. ಹಳಬರು ನೋಡುವುದು ಅರ್ಧ ಸಿನಿಮಾ, ಅರ್ಧ ನೆನಪು. ಅವರು ಒಮ್ಮೆ ಶುರು ಮಾಡಿದರೆ ಹೊಸಬರು ತಮ್ಮ ಚೀಟಿ ಮಡಚಿ ಮುಚ್ಚಿಟ್ಟುಕೊಳ್ಳುತ್ತಾರೆ.

ನಮ್ಮಲ್ಲಿ ಎಲ್ಲರಿಗಿಂತ ಹೊಸಬರು ಅತ್ತೆ. ಕುಂದಾಪುರದ ಕಡೆಯವರು, ಇಂಗ್ಲಿಷ್ ಅಷ್ಟಕ್ಕಷ್ಟೇ. ಎರಡು ಸ್ವೆಟರ್, ಅದರ ಮೇಲೊಂದು ಶಾಲು ಹೊದ್ದು ಸಿನಿಮಾ ನೋಡಿದ್ದರು. ಕೇಳಿದರೆ ಅವರು ಹೇಳಿದ್ದು ಒಂದೇ ಮಾತು: "ಸೂತ್ರವೇ ಕಾಂತಿಲ್ಲ ಮಾರಾಯ್ತಿ!"

"ಮೇಲಿಂದ ಅಲ್ಲ ಅತ್ತೆ, ಕೆಳಗಿಂದ. ಕೈ ಗೊಂಬೆಯ ಒಳಗಿರತ್ತೆ" ಅಂದೆ.

ಅತ್ತೆ ಚಿಕ್ಕಂದಿನಲ್ಲಿ ಉಪ್ಪಿನಕುದ್ರುವಿನ ಯಕ್ಷಗಾನ ಗೊಂಬೆಯಾಟ ನೋಡಿದವರು. ಅಲ್ಲಿ ಆಡಿಸುವವರು ಮೇಲೆ, ಸೂತ್ರ ಕೈಯಲ್ಲಿ. ಇಲ್ಲಿ ಆಡಿಸುವವರು ಕೆಳಗೆ, ಕೈ ತಲೆಗಿಂತ ಎತ್ತರ, ಕಣ್ಣು ಮಾನಿಟರ್ ಮೇಲೆ. ಬಲಗೈ ಗೊಂಬೆಯ ಬಾಯಿ. ಎಡಗೈ ಕಡ್ಡಿ ಹಿಡಿದು ಕರ್ಮಿಟ್‌ನ ಕೈ ಆಡಿಸುತ್ತದೆ. ಫಾಜಿ ಕರಡಿಯಂಥ ಗೊಂಬೆಗಾದರೆ ಅದರ ಕೈಯೊಳಗೂ ಮನುಷ್ಯನ ಕೈ, ಹಾಗಾಗಿ ಇಬ್ಬರು ಬೇಕು. ಅಕೌಂಟ್ಸ್ ಗೆಳತಿಯ ಅಣ್ಣ ಇದನ್ನು ಹೇಳುವಾಗ ಎದ್ದು ನಿಂತು, ನನ್ನ ಒಲೆಯ ಕೈಗವಸನ್ನೇ ಹಾಕಿಕೊಂಡು ತೋರಿಸಿದ. ನಾಲ್ಕು ಬೆರಳು ಮೇಲ್ದುಟಿ, ಹೆಬ್ಬೆರಳು ಕೆಳದುಟಿ. ಮಾತಿಗೆ ಸರಿಯಾಗಿ ಹೆಬ್ಬೆರಳನ್ನೇ ಕೆಳಗಿಳಿಸಬೇಕು. ನಾವು ಸುಮ್ನೆ ಆಡಿಸಿದರೆ ಮೇಲಿನ ಬೆರಳುಗಳು ಎದ್ದು, ಗೊಂಬೆ ಪ್ರತಿ ಮಾತಿಗೂ ಆಕಾಶ ನೋಡುತ್ತದೆ. ಅತ್ತೆ ಗವಸು ಇಸಿದುಕೊಂಡು ಎರಡು ನಿಮಿಷದಲ್ಲಿ ಕಲಿತರು. ನನಗೆ ಇವತ್ತಿಗೂ ಬರುವುದಿಲ್ಲ.

ಆಮೇಲೆ ಅವರು ಕೇಳಿದ್ದು ವಾಲ್ಟರ್ ಬಗ್ಗೆ. ಈ ಸಿನಿಮಾಕ್ಕೆಂದೇ ಮಾಡಿದ ಹೊಸ ಗೊಂಬೆ ಅದು, ಆಡಿಸಿದ್ದು ಪೀಟರ್ ಲಿನ್ಜ್. ಮನುಷ್ಯರ ಮನೆಯಲ್ಲಿ ಬೆಳೆದ, ಮಪೆಟ್ ಅಂದರೆ ಪ್ರಾಣ ಬಿಡುವ ಹುಡುಗ. ಮಪೆಟ್‌ಗಳ ಹಳೇ ಥಿಯೇಟರ್ ಉಳಿಸಲು ಒಂದು ಕೋಟಿ ಡಾಲರ್ ಕೂಡಿಸುವ ಟಿವಿ ಕಾರ್ಯಕ್ರಮದಲ್ಲಿ ಅವನಿಗೂ ಒಂದು ಸರದಿ. ಏನು ಮಾಡಬೇಕೆಂದು ಕೊನೆಯವರೆಗೂ ಗೊತ್ತಿಲ್ಲ. ಕಡೆಗೆ ವೇದಿಕೆಗೆ ಬಂದು ಸಿಳ್ಳೆ ಹಾಕುತ್ತಾನೆ, ಅಷ್ಟೇ. ಆ ಸಿಳ್ಳೆ ಸಂಗೀತಗಾರ ಆಂಡ್ರ್ಯೂ ಬರ್ಡ್ ಅವರದ್ದು. "ಆ ಹುಡ್ಗ ನಿನ್ನ ಸ್ನೇಹಿತ್ರ ಹಾಂಗೇ ಅಲ್ದಾ?" ಅಂದರು ಅತ್ತೆ. ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಮೂವರೂ ಮೊದಲ ಸಲ ಒಟ್ಟಿಗೆ ಸುಮ್ಮನಾದರು.

ಇನ್ನು ಧ್ವನಿಯ ವಿಷಯ. ಗೊಂಬೆ ಆಡಿಸುವವರೇ ಅದಕ್ಕೆ ಧ್ವನಿಯನ್ನೂ ಕೊಡುತ್ತಾರೆ. ಮಪೆಟ್ ಅಭಿಮಾನಿಗಳ ಮನೆಯಲ್ಲಿ ಇದು ಆಸ್ತಿ ಪಾಲಿನ ಜಗಳ ಇದ್ದ ಹಾಗೆ. ಹೆನ್ಸನ್ 1990ರ ಮೇ 16ರಂದು ತೀರಿಕೊಂಡರು. ಅಲ್ಲಿಂದ ಕರ್ಮಿಟ್ ಸ್ಟೀವ್ ವಿಟ್‌ಮೈರ್ ಕೈಗೆ ಬಂದ. ಕರ್ಮಿಟ್‌ಗೆ ಮನಸೋತ ಹಂದಿ ಮಿಸ್ ಪಿಗ್ಗಿ, ಫಾಜಿ ಇಬ್ಬರೂ ಫ್ರಾಂಕ್ ಆಜ್ ಅವರಿಂದ ಎರಿಕ್ ಜೇಕಬ್‌ಸನ್ ಅವರಿಗೆ ಹೋದರು. 2011ರ ಸಿನಿಮಾದಲ್ಲಿ ಆಜ್ ಇಲ್ಲವೇ ಇಲ್ಲ. ಚಿತ್ರಕಥೆ ತಮಗೆ ಹಿಡಿಸಲಿಲ್ಲ ಅಂತ ಅವರೇ ಹೇಳಿಕೊಂಡಿದ್ದರು. ಈ ಮಾತನ್ನು ಕಾಫಿ ಆದ ಮೇಲೆ ತೆಗೆಯಿರಿ, ಇಪ್ಪತ್ತು ನಿಮಿಷಕ್ಕಿಂತ ಜಾಸ್ತಿ ಬೇಡ. "ಅದೇ ಕರ್ಮಿಟ್ ಹೌದೋ ಅಲ್ಲವೋ" ಅಂತ ಕೇಳಿದರೆ ರಾತ್ರಿಯೆಲ್ಲಾ ಕಳೆಯುತ್ತದೆ. "ಯಾವ ಮಾತಿನಲ್ಲಿ ಬೇರೆ ಅನಿಸಿತು" ಅಂತ ಕೇಳಿ. ಹೆಚ್ಚಿನವರಿಗೆ ಎರಡು ಮಾತಿಗಿಂತ ಹೆಚ್ಚು ನೆನಪಾಗುವುದಿಲ್ಲ.

ದೂರುಗಳಿಗೂ ಒಂದು ಸರದಿ ಇರಲಿ. ಅವತ್ತು ದೊಡ್ಡ ದೂರು ಫಾಜಿಯ ಹೂಸು ಬಿಡುವ ಬೂಟಿನ ಬಗ್ಗೆ. ಗೆಳತಿಗೆ ಅದು ಫಾಜಿಗೇ ಅವಮಾನ. ಅವಳ ಅಣ್ಣನಿಗೆ ಹೊಟ್ಟೆ ಹುಣ್ಣಾಗುವಷ್ಟು ನಗು. ನನ್ನ ಮತ ಗೆಳತಿಗೆ. ರಿಜ್ಜೊ ಇಲಿಗೆ ಹೆಚ್ಚು ಕೆಲಸ ಇಲ್ಲದ್ದು ಎರಡನೇ ದೂರು. ದೂರು ಹೇಳುವವರನ್ನು "ಮಕ್ಕಳ ಸಿನಿಮಾ ಬಿಡಪ್ಪಾ" ಅಂತ ಯಾರೂ ಬಾಯಿ ಮುಚ್ಚಿಸಬಾರದು. ಪ್ರೀತಿ ಇರುವುದಕ್ಕೇ ಅಲ್ವಾ ಅಷ್ಟು ಸಿಟ್ಟು.

2014ರ ಮಾರ್ಚಿನಲ್ಲಿ 'ಮಪೆಟ್ಸ್ ಮೋಸ್ಟ್ ವಾಂಟೆಡ್' ಬಂದಾಗ ಈ ಸರದಿಯೇ ಉದ್ದವಾಯಿತು. ಕರ್ಮಿಟ್‌ನ ಜಾಗಕ್ಕೆ ಕಾನ್‌ಸ್ಟಂಟೀನ್ ಅನ್ನುವ ಕಳ್ಳ ಕಪ್ಪೆ ಬಂದು ಕೂತರೂ ಹೆಚ್ಚಿನ ಗೆಳೆಯರಿಗೆ ಗುರುತೇ ಸಿಗುವುದಿಲ್ಲವಲ್ಲ, ಅದು ನಮ್ಮ ಗಡ್ಡದವನಿಗೆ ಸಹಿಸಲಾಗಲಿಲ್ಲ. ಆ ಕಳ್ಳ ಕಪ್ಪೆಯನ್ನು ಆಡಿಸಿದ್ದು ಮ್ಯಾಟ್ ವೋಗಲ್. 2017ರಲ್ಲಿ ನಿಜವಾದ ಕರ್ಮಿಟ್ ಅವರ ಕೈಗೇ ಬಂದ! ಆ ಸುದ್ದಿ ಬಂದ ದಿನ ಗಡ್ಡದವನು ಮೆಟ್ಟಿಲಿಳಿದು ಬಂದು ನಮ್ಮ ಬಾಗಿಲು ಬಡಿದಿದ್ದ.

ಇನ್ನೂ ನೋಡದವರು ಮನೆಯಲ್ಲಿದ್ದರೆ ಅತಿಥಿ ನಟರ ಹೆಸರು ಮಾತ್ರ ಹೇಳಬೇಡಿ. ಕಥೆ ಹೇಳಿದರೂ ನಡೆಯುತ್ತದೆ, ಅದರಲ್ಲಿ ಗುಟ್ಟೇನೂ ಇಲ್ಲ.

ತಿಂಡಿಗೆ ಒಗ್ಗರಣೆ ಮಂಡಕ್ಕಿ ಸಾಕು. ಖಾರ ಕಡಿಮೆ ಹಾಕಿ, ಕಡಲೆಬೀಜ ಜಾಸ್ತಿ ಇರಲಿ. ಬರೆಯುವವರೆಗೆ ಮಾತ್ರ ತಟ್ಟೆ ಇಡಬೇಡಿ, ಚೀಟಿಗೆ ಎಣ್ಣೆ ಹತ್ತುತ್ತದೆ.

ಚೀಟಿಗಳನ್ನು ಎಸೆಯಬೇಡಿ. ನಮ್ಮವು ಒಂದು ಹಾರ್ಲಿಕ್ಸ್ ಬಾಟಲಿಯಲ್ಲಿವೆ. 2014ರಲ್ಲಿ ಸಿನಿಮಾಕ್ಕೆ ಹೊರಡುವ ಮುಂಚೆ ಹಳೆಯವನ್ನು ತೆಗೆದು ಓದಿದೆವು. ಅತ್ತೆಯ ಚೀಟಿ ಕನ್ನಡದಲ್ಲಿತ್ತು. ಅವತ್ತು ಅವರು ಬಾಯಲ್ಲೇ ಹೇಳಿದ್ದರಿಂದ ಯಾರೂ ಬಿಡಿಸಿ ನೋಡಿರಲಿಲ್ಲ. ಏನು ಬರೆದಿದ್ದಾರೆ ಅಂತ ಮೂವರೂ ಕಾಡಿದರು. ಮಿಸ್ ಪಿಗ್ಗಿಯ ಬಗ್ಗೆ ಇತ್ತು: "ಆ ಹೆಣ್ಣು ಎಷ್ಟು ವರ್ಷ ಕಾಯಬೇಕು? ಮದುವೆ ಆಗುತ್ತಾನೋ ಇಲ್ಲವೋ, ಕಪ್ಪೆ ಮೊದಲು ಹೇಳಲಿ."