ಮಳೆ ಹಿಡಿಯುವ ಮೊದಲೇ ಬಿಳಿ ಇಲಿಗೆ ಒಣ ಗೂಡು

ಬಾಲ್ ಪೈಥಾನ್‌ನಂಥ ಹೊರದೇಶದ ಹಾವು ಸಾಕಿದವರಿಗೆ ಅದರ ಊಟದ್ದೇ ಚಿಂತೆ. ಅಟ್ಟದ ಮೇಲಿನ ಇಲಿ ಹಿಡಿದು ಹಾಕುವಂತಿಲ್ಲ. ಅದು ಎಲ್ಲೋ ಪಾಷಾಣ ತಿಂದಿರಬಹುದು, ರೋಗ ಹೊತ್ತಿರಬಹುದು. ಬಿಳಿ ಇಲಿಯನ್ನು ಮನೆಯಲ್ಲೇ ಬೆಳೆಸಿಕೊಳ್ಳುವುದು ಒಳ್ಳೆಯದು. ಮಲೆನಾಡಿನಲ್ಲಿ ಅದಕ್ಕೆ ದೊಡ್ಡ ಶತ್ರು ತೇವ.

ಮೊದಲು ಕಾನೂನು. ನಾಗರ, ಕೇರೆ, ನಮ್ಮ ಹೆಬ್ಬಾವು, ಗೂಬೆ ಇವನ್ನೆಲ್ಲ ಮನೆಯಲ್ಲಿ ಸಾಕುವುದು 1972ರ ವನ್ಯಜೀವಿ ಕಾಯ್ದೆ ಪ್ರಕಾರ ಅಪರಾಧ. ಬಾಲ್ ಪೈಥಾನ್ ಆಫ್ರಿಕಾದ್ದು. ಅದನ್ನೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ನೋಂದಾಯಿಸಲೇಬೇಕು.

ಗೂಡಿಗೆ ಎರಡಡಿ ಉದ್ದದ ಗಟ್ಟಿ ಪ್ಲಾಸ್ಟಿಕ್ ಡಬ್ಬ ಸಾಕು. ಮುಚ್ಚಳವನ್ನೂ ಒಂದು ಪಕ್ಕವನ್ನೂ ಕತ್ತರಿಸಿ, ಕಾಲು ಇಂಚಿನ ಕಣ್ಣಿನ ತಂತಿ ಜಾಲರಿ ಬಿಗಿಯಿರಿ. ಅರ್ಧ ಇಂಚಿನದ್ದು ಬೇಡ, ಮರಿಗಳು ಸಲೀಸಾಗಿ ನುಸುಳುತ್ತವೆ. ಗಾಳಿ ಆಡದಿದ್ದರೆ ಮೂತ್ರದ ಘಾಟು ಒಳಗೇ ನಿಂತು ಇಲಿಗಳ ಉಸಿರು ಕಟ್ಟುತ್ತದೆ. ಡಬ್ಬವನ್ನು ಸ್ಟೂಲ್ ಮೇಲಿಟ್ಟು, ಸ್ಟೂಲಿನ ಕಾಲುಗಳನ್ನು ನೀರಿನ ಬಟ್ಟಲಲ್ಲಿ ನಿಲ್ಲಿಸಿ. ಕೆಂಪಿರುವೆ ಒಮ್ಮೆ ಹತ್ತಿದರೆ ಹಸುಗೂಸು ಮರಿಗಳು ಉಳಿಯುವುದಿಲ್ಲ.

ಕೆಳಗೆ ಹಾಸಲು ಭತ್ತದ ಉಮಿ. ಇದರಲ್ಲಿ ನಾನು ಮೊದಲ ವರ್ಷವೇ ಎಡವಿದೆ. ಜುಲೈನಲ್ಲಿ ತಂದ ಉಮಿ ಹಸಿಯಾಗಿತ್ತು, ವಾರದಲ್ಲಿ ಬೂಷ್ಟು ಹಿಡಿಯಿತು. ಇಲಿಗಳಿಗೆ ಸೀನು ಶುರುವಾಗಿ ಒಂದು ಸೂಲಿನ ಮರಿಗಳು ಪೂರಾ ಹೋದವು. ಇವತ್ತಿಗೂ ಅದು ಮನಸ್ಸಿನಲ್ಲಿದೆ. ಈಗ ಏಪ್ರಿಲ್‌ನಲ್ಲೇ ಮಿಲ್ಲಿನಿಂದ ತಂದು, ಜರಡಿ ಹಿಡಿದು ಧೂಳು ತೆಗೆದು, ನಾಲ್ಕು ದಿನ ಅಂಗಳದ ಬಿಸಿಲಿಗೆ ಹರವಿ, ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಕಟ್ಟಿಡುತ್ತೇನೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಆ ಕಡೆಯವರು ಆರಿದ್ರಾ ಮಳೆಗೆ ಮುಂಚೆಯೇ ನಾಲ್ಕು ತಿಂಗಳಿಗಾಗುವಷ್ಟು ಕೂಡಿಡಲಿ. ಒದ್ದೆಯಾದ ಮೂಲೆಯನ್ನು ದಿನಾ ತೆಗೆಯಿರಿ, ವಾರಕ್ಕೊಮ್ಮೆ ಪೂರ್ತಿ ಬದಲಿಸಿ. ಬಚ್ಚಲ ಒಲೆಯ ಹತ್ತಿರ ಬೆಚ್ಚಗಿರುತ್ತದೆ ಅಂತ ಗೂಡನ್ನು ಅಲ್ಲಿಡಬೇಡಿ, ಹೊಗೆ ಅವಕ್ಕೆ ಆಗದು. ಅಡಗಲು ಒಂದು ತುಂಡು ಅಡಿಕೆ ಹಾಳೆಯನ್ನು ಬಾಗಿಸಿಟ್ಟರೆ ಸಾಕು. ಕಡಿದು ಹಾಳು ಮಾಡಿದರೆ ಇನ್ನೊಂದು, ತೋಟದಲ್ಲಿ ಹಾಳೆಗೇನು ಬರ ಅಲ್ವಾ?

ಗೋಧಿ, ಜೋಳ, ಹುರಿಗಡಲೆ ಕೊಡಿ. ಬಸುರಿ ಮತ್ತು ಹಾಲೂಡುವ ಇಲಿಗೆ ಬೇಯಿಸಿದ ಮೊಟ್ಟೆಯ ಚೂರು. ನೀರು ತಟ್ಟೆಯಲ್ಲಿ ಬೇಡ, ಚೆಲ್ಲಿ ಉಮಿ ನೆನೆಯುತ್ತದೆ. ಗುಂಡು ಇರುವ ನಳಿಕೆಯ ಬಾಟಲಿ ತೂಗುಹಾಕಿ.

ಎರಡು ಹೆಣ್ಣಿಗೆ ಒಂದು ಗಂಡು. ಎಂಟು ವಾರ ತುಂಬಿದ ಮೇಲೆ ಕೂಡಿಸಿ. ಬಾಲದ ಬುಡದ ಎರಡು ರಂಧ್ರಗಳ ನಡುವಿನ ಅಂತರ ಜಾಸ್ತಿ ಇದ್ದರೆ ಅದು ಗಂಡು. ಗರ್ಭ 19ರಿಂದ 21 ದಿನ. ಹೊಟ್ಟೆ ಉಬ್ಬಿದ್ದು ಕಂಡ ಕೂಡಲೇ ಗಂಡನ್ನು ಬೇರೆ ಮಾಡಿ. ಇಲ್ಲದಿದ್ದರೆ ಹೆತ್ತ ದಿನವೇ ಅವಳು ಮತ್ತೆ ಬಸುರಿಯಾಗಿ ಸೊರಗುತ್ತಾಳೆ. ಮೊದಲ ವಾರ ಗೂಡು ಕೆದಕಬೇಡಿ, ಬೆದರಿದ ತಾಯಿ ಮರಿಗಳನ್ನೇ ತಿನ್ನಬಹುದು. ಎರಡು ವಾರಕ್ಕೆ ಕಣ್ಣು ಬಿಡುತ್ತವೆ. ಮೂರು ವಾರ ತುಂಬಿದರೆ ತಾಯಿಯಿಂದ ಬಿಡಿಸಿ, ಗಂಡು ಹೆಣ್ಣು ಬೇರೆ ಮಾಡಿ. ಐದಾರು ವಾರಕ್ಕೇ ಅವು ಮರಿ ಹಾಕುವ ವಯಸ್ಸಿಗೆ ಬಂದಿರುತ್ತವೆ.

ಕಾಡಿಲಿ, ಹೆಗ್ಗಣ ಗೂಡಿನ ಹತ್ತಿರ ಸುಳಿಯಬಾರದು. ಅವುಗಳ ಮೂತ್ರದಿಂದಲೇ ಇಲಿ ಜ್ವರ. ಕೈಯಲ್ಲಿ ಗಾಯವಿದ್ದರೆ ಗ್ಲೌಸ್ ಹಾಕಿ, ಪ್ರತಿ ಸಲ ಸೋಪಿನಿಂದ ತೊಳೆಯಿರಿ. ಜ್ವರ ಬಂದರೆ ಇಲಿ ಸಾಕಿರುವುದನ್ನು ವೈದ್ಯರಿಗೆ ಹೇಳಿ.

ಹಾವಿನ ಮುಂದೆ ಜೀವಂತ ಇಲಿ ಬಿಡಬೇಡಿ. ಅದು ಹಾವನ್ನು ಕಚ್ಚುತ್ತದೆ, ತಾನೂ ನರಳುತ್ತದೆ. ಜೀವಂತವಾಗಿ ಫ್ರೀಜರ್‌ಗೆ ಹಾಕುವುದಂತೂ ಕ್ರೌರ್ಯ. ನೋವಿಲ್ಲದೆ ಕೊಲ್ಲುವ ಬಗೆಯನ್ನು ಪಶುವೈದ್ಯರ ಎದುರೇ ಕಲಿಯಿರಿ, ಆಮೇಲಷ್ಟೇ ಮರಿ ಮಾಡಿಸಿ. ಸತ್ತ ಇಲಿಯನ್ನು ಕವರಿನಲ್ಲಿ ಕಟ್ಟಿ, ಮನೆಯ ಊಟದ ಸಾಮಾನಿನಿಂದ ದೂರ, ಬೇರೆ ಫ್ರೀಜರ್ ಡಬ್ಬಿಯಲ್ಲಿಡಿ. ಹಾವಿನ ಮೈಯ ದಪ್ಪ ಭಾಗಕ್ಕಿಂತ ಇಲಿ ದಪ್ಪ ಇರಬಾರದು. ಕೊಡುವ ಹಿಂದಿನ ರಾತ್ರಿ ಫ್ರಿಜ್ಜಿನ ಕೆಳ ಅರೆಗೆ ಇಳಿಸಿ, ಮರುದಿನ ಕವರ್ ಸಮೇತ ಬಿಸಿನೀರಲ್ಲಿ ಮುಳುಗಿಸಿ, ಹೊಟ್ಟೆ ಭಾಗವೂ ಬೆಚ್ಚಗಾಗಿದೆಯಾ ಅಂತ ಒತ್ತಿ ನೋಡಿ.