ಜ್ವರ ಇಳಿಯುವ ಮೊದಲೇ ಕವಾಟಕ್ಕೆ ಕೈ ಹಾಕಿದ್ದು

ಹೃದಯದ ಕವಾಟಕ್ಕೆ ಸೋಂಕು ತಗುಲಿದವರಿಗೆ ಆರು ವಾರ ಆಂಟಿಬಯೋಟಿಕ್ ಮುಗಿಸಿ, ಜ್ವರ ಇಳಿಸಿ, ಆಮೇಲೆ ಶಸ್ತ್ರಚಿಕಿತ್ಸೆ ಮಾಡಬೇಕೆಂಬ ರೂಢಿಯಲ್ಲಿಯೇ ನಾನೂ ಕಲಿತವನು. ಬೆಳಗಾವಿಯಲ್ಲಿ ಕೆಲಸ ಆರಂಭಿಸಿದ ಮೊದಲ ಮೂರು ವರ್ಷ ಹಾಗೆಯೇ ಮಾಡಿದೆ. ಆಗ ನೋಡಿದ 15–16 ರೋಗಿಗಳಲ್ಲಿ ಐದಾರು ಮಂದಿ ಆ ಆರು ವಾರ ಕಳೆಯುವುದರೊಳಗೇ ತೀರಿಕೊಂಡರು. ಅವರನ್ನು ನಾವು ಶಸ್ತ್ರಚಿಕಿತ್ಸೆಯ ಸಾವುಗಳ ಲೆಕ್ಕಕ್ಕೆ ಹಿಡಿಯಲಿಲ್ಲ. ಅವರ ಮೇಲೆ ನಾವು ಚಾಕುವನ್ನೇ ಇಟ್ಟಿರಲಿಲ್ಲವಲ್ಲ.

ನನ್ನ ಮನಸ್ಸು ಬದಲಾದದ್ದು ಹುನಗುಂದದ ಕಡೆಯ ಒಬ್ಬ ಯುವತಿಯಿಂದ. ಸಂಧಿವಾತ ಜ್ವರದಿಂದ ಹಾಳಾಗಿದ್ದ ಮೈಟ್ರಲ್ ಕವಾಟ (ಹೃದಯದ ಎಡಭಾಗದ ಎರಡು ಕೋಣೆಗಳ ನಡುವಿನದು), ಅದರ ಮುಂದಿನ ದಳದ ಮೇಲೆ ಸುಮಾರು 14 ಮಿ.ಮೀ. ಉದ್ದದ, ತೂಗಾಡುವ ವೆಜಿಟೇಶನ್, ಅಂದರೆ ರೋಗಾಣು ಮತ್ತು ಹೆಪ್ಪುಗಟ್ಟಿದ ರಕ್ತ ಸೇರಿ ಬೆಳೆದ ಗಂಟು. ಐದನೆಯ ದಿನ ಜ್ವರ ಬಿಟ್ಟಿತು, ನಾವೆಲ್ಲ ಸಮಾಧಾನಪಟ್ಟೆವು. ಹನ್ನೊಂದನೆಯ ದಿನ ಬೆಳಿಗ್ಗೆ ಚಹಾ ಕುಡಿಯುತ್ತಿದ್ದಾಗ ಆಕೆಯ ಬಲಗೈಯಿಂದ ಲೋಟ ಜಾರಿತು, ಮಾತು ನಿಂತಿತು. ಒಂದು ವಾರದಲ್ಲಿ ಆಕೆ ಹೋದಳು. ಆ ಗಂಟಿನ ತುಣುಕು ಹಾರಿ ಮೆದುಳಿಗೆ ಹೋಗುವ ಅಪಾಯ ಚಿಕಿತ್ಸೆಯ ಮೊದಲ ಎರಡು ವಾರಗಳಲ್ಲಿಯೇ ಹೆಚ್ಚು ಎಂಬುದು ನಮಗೆಲ್ಲ ಗೊತ್ತಿದ್ದ ಸಂಗತಿ. ಆದರೂ ಥರ್ಮಾಮೀಟರ್ ನೋಡಿ ನೆಮ್ಮದಿಯಾಗಿದ್ದೆವು.

ದಕ್ಷಿಣ ಕೊರಿಯಾದ ವೈದ್ಯರು 2012ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಹಿಡಿದುಕೊಂಡು ನಾನು ವಾದಕ್ಕೆ ನಿಂತೆ. ಕವಾಟದ ತೀವ್ರ ಸೋರಿಕೆ ಮತ್ತು 10 ಮಿ.ಮೀ. ಮೀರಿದ ವೆಜಿಟೇಶನ್ ಎರಡೂ ಇದ್ದವರಲ್ಲಿ ಕೆಲವರಿಗೆ 48 ಗಂಟೆಗಳೊಳಗೆ ಶಸ್ತ್ರಚಿಕಿತ್ಸೆ ಮಾಡಿ, ಉಳಿದವರಿಗೆ ರೂಢಿಯ ಚಿಕಿತ್ಸೆ ಕೊಟ್ಟು ಹೋಲಿಸಿದಾಗ, ಬೇಗ ಮಾಡಿದವರಲ್ಲಿ ತುಣುಕು ಹಾರುವುದು ಬಹುಮಟ್ಟಿಗೆ ನಿಂತಿತ್ತು. ಹಿರಿಯ ಸಹೋದ್ಯೋಗಿಗಳು ಒಪ್ಪಲಿಲ್ಲ. ಅಲ್ಲಿದ್ದವರು ಕೇವಲ 76 ರೋಗಿಗಳು, ನಮ್ಮವರು ಹಿಮೋಗ್ಲೋಬಿನ್ 7ಕ್ಕೆ ಇಳಿದ ಮೇಲೆ ಬರುವವರು, ಸೋಂಕಿನ ಮಾಂಸದಲ್ಲಿ ಹೊಲಿಗೆ ನಿಲ್ಲುವುದಿಲ್ಲ ಎಂದರು. ಅವರ ಸಂಶಯ ಪೂರ್ತಿ ತಪ್ಪಾಗಿರಲಿಲ್ಲ.

ಮೊದಲ ಅವಕಾಶ ಬಂದದ್ದು ಜಮಖಂಡಿಯ ಕಡೆಯ ಕಬ್ಬು ಕಡಿಯುವ ಯುವಕನಲ್ಲಿ. ಹೃದಯದಿಂದ ಮಹಾಧಮನಿಗೆ ತೆರೆಯುವ ಅಯೋರ್ಟಿಕ್ ಕವಾಟ, ಸೋಂಕು ತಂದದ್ದು ಸ್ಟ್ಯಾಫಿಲೋಕಾಕಸ್ ಎಂಬ ಬ್ಯಾಕ್ಟೀರಿಯಾ. ಎರಡೇ ದಿನಗಳಲ್ಲಿ ಇಸಿಜಿಯ ಪಿಆರ್ ಅಂತರ, ಅಂದರೆ ವಿದ್ಯುತ್ ಸಂಕೇತ ಹೃದಯದ ಮೇಲಿನ ಕೋಣೆಗಳಿಂದ ಕೆಳಗಿನವಕ್ಕೆ ತಲುಪುವ ಹೊತ್ತು, 160ರಿಂದ 240 ಮಿಲಿಸೆಕೆಂಡಿನ ಹತ್ತಿರಕ್ಕೆ ಹೋಯಿತು. ಸೋಂಕು ಕವಾಟವನ್ನು ದಾಟಿ ಆ ದಾರಿಗೂ ಹರಡುತ್ತಿದೆ ಎಂಬ ಸೂಚನೆ ಅದು. ಎಕೋದಲ್ಲಿ (ಹೃದಯದ ಅಲ್ಟ್ರಾಸೌಂಡ್) ಕೀವಿನ ಗುಳಿ ಸ್ಪಷ್ಟವಾಗಿ ಕಾಣುತ್ತಿರಲಿಲ್ಲವಾದರೂ ನನಗೆ ಇಸಿಜಿಯೇ ಸಾಕಾಗಿತ್ತು. "ಸಾಹೇಬ್ರ, ಮೈ ಸುಡಾಕತ್ತೇತಿ, ಇಂಥಾದ್ರಾಗ ಎದಿ ತೆಗದ್ರ ಉಳಿತಾನೇನ್ರಿ?" ಎಂದು ಅವನ ತಂದೆ ಕೇಳಿದರು. ಕಾದರೆ ಉಳಿಯುವುದಿಲ್ಲ ಎಂದಷ್ಟೇ ಹೇಳಿದೆ. ತೆರೆದಾಗ ಕವಾಟದ ಉಂಗುರದ ಕೆಳಗೆ ಅಡಿಕೆ ಗಾತ್ರದ ಕೀವಿನ ಗುಳಿ ಇತ್ತು. ಕೆರೆದು, ತೇಪೆ ಹಾಕಿ, ಹೊಸ ಕವಾಟ ಕೂರಿಸಿದೆವು. ಹುಡುಗ ಉಳಿದ.

ಆ ಉತ್ಸಾಹವೇ ಮುಂದಿನ ತಪ್ಪಿಗೆ ಕಾರಣವಾಯಿತು. ಮೂರನೆಯ ರೋಗಿಗೆ ತಲೆಯ ಸಿಟಿ ಸ್ಕ್ಯಾನ್ ಮಾಡಿಸದೆ, ಶಸ್ತ್ರಚಿಕಿತ್ಸೆಯ ಹೊತ್ತು ಹೃದಯ, ಶ್ವಾಸಕೋಶಗಳ ಕೆಲಸ ಮಾಡುವ ಬೈಪಾಸ್ ಯಂತ್ರಕ್ಕೆ ಜೋಡಿಸಿದೆ. ಸ್ವಲ್ಪ ತಲೆನೋವಿದೆ ಎಂದು ಆತ ಹಿಂದಿನ ರಾತ್ರಿ ಹೇಳಿದ್ದನ್ನು ನಾನು ಜ್ವರದ ತಲೆನೋವೆಂದು ಬಿಟ್ಟಿದ್ದೆ. ಮೆದುಳಿನಲ್ಲಿ ಮೊದಲೇ ಸಣ್ಣ ರಕ್ತಸ್ರಾವ ಆಗಿದ್ದಿರಬೇಕು. ಆ ಯಂತ್ರಕ್ಕಾಗಿ ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಬಿದ್ದ ಮೇಲೆ ಅದು ಹಿಗ್ಗಿತು, ಆತ ಎಚ್ಚರಗೊಳ್ಳಲೇ ಇಲ್ಲ. ಅಂದಿನಿಂದ ಎಷ್ಟೇ ತುರ್ತಿದ್ದರೂ ಸಿಟಿ ಇಲ್ಲದೆ ಥಿಯೇಟರ್‌ಗೆ ಒಯ್ಯುವುದಿಲ್ಲ. ರಕ್ತಸ್ರಾವ ಕಂಡರೆ, ಹೃದಯ ಕೈಕೊಡದ ಹೊರತು, ನಾಲ್ಕು ವಾರ ಕಾಯುತ್ತೇನೆ. ಕಾಯುವುದನ್ನು ನಾನು ಒಪ್ಪುವುದು ಮುಖ್ಯವಾಗಿ ಇಂಥವರಲ್ಲಿಯೇ.

ಎಲ್ಲರಿಗೂ ಶಸ್ತ್ರಚಿಕಿತ್ಸೆ ಬೇಕೆಂದು ನಾನು ಹೇಳುತ್ತಿಲ್ಲ. ಸಣ್ಣ ವೆಜಿಟೇಶನ್, ಕಡಿಮೆ ಸೋರಿಕೆ, ಪೆನಿಸಿಲಿನ್‌ಗೆ ಮಣಿಯುವ ಸ್ಟ್ರೆಪ್ಟೊಕಾಕಸ್ ಬ್ಯಾಕ್ಟೀರಿಯಾ ಇದ್ದರೆ ನಾಲ್ಕು ವಾರದ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯೋಟಿಕ್ ಸಾಕು. ನನ್ನ ಬಳಿ ಬರುವವರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಔಷಧಿಯಲ್ಲಿಯೇ ಗುಣವಾಗುತ್ತಾರೆ. ನಮ್ಮ ನಿಜವಾದ ತೊಡಕು ಕಲ್ಚರ್, ಅಂದರೆ ಯಾವ ರೋಗಾಣು ಎಂದು ತಿಳಿಯಲು ರೋಗಿಯ ರಕ್ತದಿಂದ ಅದನ್ನು ಬೆಳೆಸಿ ನೋಡುವ ಪರೀಕ್ಷೆ. ಊರಿನಲ್ಲಿ ಎರಡು ವಾರ ಆಂಟಿಬಯೋಟಿಕ್ ಇಂಜೆಕ್ಷನ್ ಹಾಕಿಸಿಕೊಂಡು ಬಂದವರ ರಕ್ತದಲ್ಲಿ ಏನೂ ಬೆಳೆಯುವುದಿಲ್ಲ.

ಇಂಡಿ ತಾಲೂಕಿನ ಒಬ್ಬ ಕುರಿಗಾಹಿಯ ಮೂರು ಕಲ್ಚರ್‌ಗಳೂ ಹೀಗೆಯೇ ಖಾಲಿ ಬಂದಾಗ ನಾವು ಎಲ್ಲ ತಪ್ಪನ್ನೂ ಆ ಇಂಜೆಕ್ಷನ್ ಮೇಲೆ ಹಾಕಿದ್ದೆವು. ಕುರಿ ಈಯುವಾಗ ತಾನೇ ಕೈ ಹಾಕುತ್ತೇನೆ, ಹಾಲನ್ನು ಕಾಯಿಸದೆ ಕುಡಿಯುತ್ತೇನೆ ಎಂದು ಆತ ಹೇಳಿದ್ದು ಒಂಬತ್ತನೆಯ ದಿನ, ಅದೂ ವಾರ್ಡಿನ ಸಿಸ್ಟರ್ ಬಳಿ. ರೋಸ್ ಬೆಂಗಾಲ್ ಎಂಬ ರಕ್ತಪರೀಕ್ಷೆ ಪಾಸಿಟಿವ್ ಬಂತು: ಬ್ರುಸೆಲ್ಲಾ, ದನಕುರಿಗಳಿಂದ ಮನುಷ್ಯರಿಗೆ ಹರಡುವ ಬ್ಯಾಕ್ಟೀರಿಯಾ. ಅದು ಅಯೋರ್ಟಿಕ್ ಕವಾಟವನ್ನು ತಿಂದುಹಾಕಿತ್ತು. ಕವಾಟ ಬದಲಿಸಿ, ಡಾಕ್ಸಿಸೈಕ್ಲಿನ್ ಮತ್ತು ರಿಫಾಂಪಿಸಿನ್ ತಿಂಗಳುಗಟ್ಟಲೆ ಕೊಟ್ಟೆವು. ಈಗ ಕುರಿ, ಮೇಕೆ ಸಾಕಿದ್ದೀರಾ ಎಂಬ ಪ್ರಶ್ನೆ ಮೊದಲ ದಿನದ ಹಾಳೆಯಲ್ಲಿಯೇ ಇದೆ.

ಇದೇ ದಿನಗಳಲ್ಲಿ ಇನ್ನೊಂದು ಪ್ರಯೋಗ ಮಾಡಿದೆ. ಮಕ್ಕಳಾಗಬೇಕಾದ ಹೆಣ್ಣುಮಕ್ಕಳಿಗೆ ಲೋಹದ ಕವಾಟ ಹಾಕಿದರೆ ಜೀವನವಿಡೀ ರಕ್ತ ಹೆಪ್ಪುಗಟ್ಟದಂತೆ ವಾರ್ಫರಿನ್ ಮಾತ್ರೆ, ಗರ್ಭ ನಿಂತಾಗ ಅದೇ ಒಂದು ಸಂಕಟ. ಆದ್ದರಿಂದ ಸೋಂಕಿನ ಭಾಗವನ್ನಷ್ಟೇ ಕತ್ತರಿಸಿ, ಅವರದೇ ಹೃದಯವನ್ನು ಸುತ್ತುವರಿದ ಪೆರಿಕಾರ್ಡಿಯಂ ಪೊರೆಯ ತುಂಡನ್ನು ಗ್ಲುಟರಾಲ್ಡಿಹೈಡ್ ಎಂಬ ರಾಸಾಯನಿಕದಲ್ಲಿ ಹದಮಾಡಿ ತೇಪೆ ಹಾಕತೊಡಗಿದೆ. ಸಂಧಿವಾತ ಜ್ವರದಿಂದ ದಪ್ಪಗಟ್ಟಿದ ಕವಾಟಗಳಲ್ಲಿ ಇದು ಎರಡು ಬಾರಿ ವರ್ಷದೊಳಗೇ ಸೋರಿತು, ಅಂಥವರಲ್ಲಿ ಕೈಬಿಟ್ಟೆ. ತೆಳು ದಳಗಳಲ್ಲಿ ಚೆನ್ನಾಗಿ ನಿಂತಿದೆ. ತೇಪೆಯನ್ನು ರಂಧ್ರಕ್ಕಿಂತ ಎಷ್ಟು ದೊಡ್ಡದಾಗಿ ಕತ್ತರಿಸಬೇಕು ಎಂಬುದಕ್ಕೆ ನನ್ನದೇ ಒಂದು ಅಳತೆ ಇದೆ. ಅದನ್ನು ಬರೆದು ತಿಳಿಸಲಾರೆ, ಮೇಜಿನ ಪಕ್ಕ ನಿಂತವರಿಗೆ ತೋರಿಸಿಕೊಟ್ಟಿದ್ದೇನೆ.

ಹಣದ ಮಾತನ್ನೂ ಹೇಳಬೇಕು. ಬಡತನ ರೇಖೆಯ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿಯವರೆಗೆ ರಕ್ಷಣೆ ಇದೆ. ಆದರೆ ಅನುಮತಿಗೆ ಫೈಲ್ ಹೋಗಿ ಬರುವಷ್ಟರಲ್ಲಿ ನಮಗೆ ನಾಲ್ಕೈದು ದಿನ ಹಿಡಿಯುತ್ತಿತ್ತು, ನಮ್ಮ 48 ಗಂಟೆ ಅಲ್ಲಿಯೇ ಕರಗುತ್ತಿತ್ತು. ಈಗ ಶಸ್ತ್ರಚಿಕಿತ್ಸೆ ಬೇಕೋ ಬೇಡವೋ ಎಂದು ತೀರ್ಮಾನವಾಗುವ ಮೊದಲೇ, ದಾಖಲಾದ ಸಂಜೆಯೇ ರೇಷನ್ ಕಾರ್ಡ್, ಎಕೋ ಚಿತ್ರ ಎಲ್ಲ ಸೇರಿಸಿ ಫೈಲ್ ಸಿದ್ಧಮಾಡಿಸುತ್ತೇನೆ. ಆರು ವಾರ ಹಾಸಿಗೆಯಲ್ಲಿ ಇಟ್ಟರೆ ಅಗ್ಗವೆಂಬುದು ಭ್ರಮೆ. ರೋಗಿಯ ಜೊತೆಗಿರುವವರ ಕೂಲಿ, ಬಾಡಿಗೆ ಕೋಣೆ, ಹೊರಗಿನಿಂದ ತರುವ ಔಷಧಿ ಸೇರಿ ಒಂದು ಕುಟುಂಬ ನನ್ನ ಕಣ್ಣೆದುರೇ ಎತ್ತಿನ ಜೋಡಿ ಮಾರಿತು.

ರೀತಿ ಬದಲಿಸಿದ ಮೇಲೆ ನೆನಪಿನ ಪ್ರಕಾರ 40ರಷ್ಟು ಮಂದಿಗೆ ಜ್ವರವಿದ್ದಾಗಲೇ ಶಸ್ತ್ರಚಿಕಿತ್ಸೆ ಮಾಡಿದ್ದೇನೆ, ನಾಲ್ವರನ್ನು ಕಳೆದುಕೊಂಡಿದ್ದೇನೆ. ಹೊಲಿಗೆ ನಿಲ್ಲುವುದಿಲ್ಲ ಎಂದಿದ್ದ ಹಿರಿಯರು ಕಳೆದ ತಿಂಗಳು ಬಾಗಲಕೋಟೆಯಿಂದ ಕರೆಮಾಡಿ, 16 ಮಿ.ಮೀ. ವೆಜಿಟೇಶನ್ ಇದೆ, ಕಲ್ಚರ್ ತೆಗೆದಾಗಿದೆ, ತಲೆಯ ಸಿಟಿಯೂ ಆಗಿದೆ, ಆಂಬುಲೆನ್ಸ್ ಹೊರಟಿದೆ ಎಂದರು. ಮರುದಿನ ಬೆಳಿಗ್ಗೆ ಎಂಟಕ್ಕೆ ಆ ಎದೆಯನ್ನು ತೆರೆದೆವು.