ಹೊಲಿಗೆ ಬಿಚ್ಚಿ ನೋಡಿ: ಆಡಿದ ಚೆಸ್ ಆಟವನ್ನು ಪರಿಶೀಲಿಸುವ ಬಗೆ

ಸಾಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿಯಿದೆ. ವರ್ಷಕ್ಕೆ ನಾಲ್ಕೈದು ಸಲ ಅಂಗಡಿಗೆ ಬೀಗ ಹಾಕಿ ಚೆಸ್ ರೇಟಿಂಗ್ (ಆಟಗಾರನ ಬಲವನ್ನು ಹೇಳುವ ಅಂಕ) ಟೂರ್ನಿಗಳಿಗೆ ಹೋಗುತ್ತೇನೆ. ಬಹಳ ವರ್ಷ ನಾನು ಸೋತ ಆಟವನ್ನು ನೋಡುತ್ತಿದ್ದುದು ಹೀಗೆ: ಮೊಬೈಲಿನಲ್ಲಿ ನಡೆಗಳನ್ನು ತುಂಬುವುದು, ಎಂಜಿನ್ (ನಡೆಗಳನ್ನು ಲೆಕ್ಕ ಹಾಕುವ ಚೆಸ್ ತಂತ್ರಾಂಶ) ಚಾಲೂ ಮಾಡುವುದು, ಕೆಂಪು ಗುರುತು ಬಿದ್ದಲ್ಲಿ ನಿಂತು ‘ಛೇ, ಇದು ಕಾಣಲಿಲ್ಲವಲ್ಲ’ ಎಂದುಕೊಳ್ಳುವುದು, ಮೊಬೈಲ್ ಕೆಳಗಿಡುವುದು. ಹತ್ತು ನಿಮಿಷದಲ್ಲಿ ಮುಗಿಯುತ್ತಿತ್ತು. ಮುಂದಿನ ಟೂರ್ನಿಯಲ್ಲಿ ಅದೇ ಜಾತಿಯ ಸೋಲು ಮತ್ತೆ ಬಂದು ಕೂರುತ್ತಿತ್ತು.

ಒಂದು ಭಾನುವಾರ ಹೀಗೆ ನೋಡುತ್ತಿದ್ದಾಗ ಒಂಬತ್ತನೆಯ ತರಗತಿ ಓದುವ ಅಕ್ಕನ ಮಗಳು ಪಕ್ಕದಲ್ಲಿದ್ದಳು. ‘ಮಾವ, ಕಂಪ್ಯೂಟರ್ ಅದು ತಪ್ಪು ಎಂದಿತು, ಸರಿ. ಆದರೆ ನೀವು ಆ ನಡೆ ಆಡಿದ್ದು ಯಾಕೆ?’ ಎಂದು ಕೇಳಿದಳು. ನನ್ನ ಬಳಿ ಉತ್ತರವಿರಲಿಲ್ಲ. ಆಡಿ ಎರಡೇ ದಿನವಾಗಿತ್ತು. ಆಗ ತಲೆಯಲ್ಲಿ ಏನಿತ್ತೋ ಅದೆಲ್ಲ ಅಳಿಸಿಹೋಗಿತ್ತು.

ಅಂಗಡಿಯಲ್ಲಿ ನಾನು ಹಾಗೆ ಕೆಲಸ ಮಾಡುವುದಿಲ್ಲ. ಅಂಗಿಯ ತೋಳು ಭುಜದ ಬಳಿ ಸುಕ್ಕುಗಟ್ಟಿದರೆ ಗಿರಾಕಿ ಬೆರಳು ತೋರಿಸುವುದು ಸುಕ್ಕಿನ ಕಡೆಗೆ. ನಾನು ಹೊಲಿಗೆ ಬಿಚ್ಚಿ, ಬಟ್ಟೆಯನ್ನು ಮೇಜಿನ ಮೇಲೆ ಹರಡಿ, ಕತ್ತರಿಸುವಾಗ ಎಳೆದ ಗೆರೆಯವರೆಗೂ ಹಿಂದಕ್ಕೆ ಹೋಗುತ್ತೇನೆ. ಹೆಚ್ಚಿನ ಸಲ ತಪ್ಪು ಇರುವುದು ಅಲ್ಲಿ. ಚೆಸ್ ಆಟವನ್ನೂ ಹಾಗೆಯೇ ಬಿಚ್ಚಬೇಕು ಎಂದು ಹೊಳೆದದ್ದು ಆ ಹುಡುಗಿಯ ಪ್ರಶ್ನೆಯಿಂದ.

ಕೆಲಸ ಶುರುವಾಗುವುದು ಆಟದ ಹಲಗೆಯ ಮುಂದೆಯೇ. ಸ್ಕೋರ್ ಶೀಟಿನಲ್ಲಿ, ಅಂದರೆ ನಡೆಗಳನ್ನು ಬರೆಯುವ ಹಾಳೆಯಲ್ಲಿ, ಪ್ರತಿ ನಡೆಯ ಪಕ್ಕ ಗಡಿಯಾರದಲ್ಲಿ ಉಳಿದ ಸಮಯವನ್ನು ಬರೆಯಿರಿ. ಅಂತರರಾಷ್ಟ್ರೀಯ ಚೆಸ್ ಒಕ್ಕೂಟವಾದ ಫಿಡೆಯ ನಿಯಮದಲ್ಲಿ ಅದಕ್ಕೆ ಅವಕಾಶವಿದೆ. ಡ್ರಾ ಪ್ರಸ್ತಾಪವನ್ನೂ ಗುರುತು ಹಾಕಬಹುದು. ಆದರೆ ಆಡುವಾಗ ನಿಮ್ಮ ಯೋಚನೆಗಳನ್ನು ಬರೆದುಕೊಳ್ಳುವಂತಿಲ್ಲ. ಮೂಲ ಹಾಳೆ ಟೂರ್ನಿ ನಡೆಸುವವರ ಸೊತ್ತು. ನಿಮಗೆ ಉಳಿಯುವುದು ಕಾರ್ಬನ್ ಪ್ರತಿ. ಅದು ಮಸುಕಾಗಿರುತ್ತದೆ, ಆದ್ದರಿಂದ ಒತ್ತಿ ಬರೆಯಿರಿ. ಆಟ ಮುಗಿದ ಮೇಲೆ ಎದುರಾಳಿಗೆ ಬಿಡುವಿದ್ದರೆ ಹೊರಗೆ ಕುಳಿತು ಮಾತನಾಡಿ. ‘ನಿಮಗೆ ಯಾವಾಗ ಗೆಲ್ಲುತ್ತೇನೆ ಎನಿಸಿತು?’ ಎಂದು ಕೇಳಿ. ನನಗೆ ಬಂದ ಉತ್ತರಗಳು ಬಹುಪಾಲು ನಾನು ಎಣಿಸಿದ್ದಕ್ಕಿಂತ ಐದಾರು ನಡೆ ಹಿಂದಿನವು.

ಅದೇ ರಾತ್ರಿ, ಎಂಜಿನ್ ಮುಟ್ಟುವ ಮೊದಲು, ನೋಟ್‌ಬುಕ್ ತೆರೆಯಿರಿ. ಇದೊಂದನ್ನು ಬಿಟ್ಟರೆ ಉಳಿದದ್ದಕ್ಕೆ ಅರ್ಥವಿಲ್ಲ. ನಾನು ಅಂಗಡಿಯ ಅಳತೆ ಪುಸ್ತಕದಂಥದ್ದೇ ಒಂದನ್ನು ಇಟ್ಟಿದ್ದೇನೆ. ಎಡಪುಟದಲ್ಲಿ ನಾನು ಯಾವ ನಡೆ ಆಡಿದೆ, ಯಾಕೆ ಆಡಿದೆ, ಬೇರೆ ಏನನ್ನು ಲೆಕ್ಕ ಹಾಕಿ ಬಿಟ್ಟೆ ಎಂಬುದು. ಬಲಪುಟ ಖಾಲಿ. ಮನೆಯ ಹಲಗೆಯ ಮೇಲೆ ಕಾಯಿಗಳನ್ನು ಜೋಡಿಸಿ ಕೈಯಿಂದಲೇ ನಡೆಸುತ್ತಾ ಬರೆಯಬೇಕು. ಕಾಯಿ ಹಿಡಿದಾಗ ಆ ಹೊತ್ತಿನ ಹೆದರಿಕೆ, ಆಸೆ ಎರಡೂ ನೆನಪಿಗೆ ಬರುತ್ತವೆ. ‘ಡ್ರಾ ಆದರೂ ಸಾಕು ಎನಿಸಿತ್ತು’, ‘ಚಿಕ್ಕ ಹುಡುಗನ ಎದುರು ಹಿಂದೆ ಸರಿಯಲು ಮನಸ್ಸಾಗಲಿಲ್ಲ’. ಇಂಥವನ್ನೂ ಇದ್ದ ಹಾಗೆ ಬರೆಯಿರಿ.

ಒಂದು ಆಟವನ್ನು ಪೂರ್ತಿ ತೋರಿಸುತ್ತೇನೆ. ಒಬ್ಬೊಬ್ಬರಿಗೆ ತೊಂಬತ್ತು ನಿಮಿಷ, ಪ್ರತಿ ನಡೆಗೆ ಗಡಿಯಾರಕ್ಕೆ ಮೂವತ್ತು ಸೆಕೆಂಡ್ ಸೇರುವ ಟೂರ್ನಿ. ನನ್ನದು ಬಿಳಿ, ಇಟಾಲಿಯನ್ ಆರಂಭ. (ಅಕ್ಷರ ಹಲಗೆಯ ಕಂಬಸಾಲನ್ನು, ಅಂಕಿ ಅಡ್ಡಸಾಲನ್ನು ಹೇಳುತ್ತದೆ; ಕಾಯಿಯ ಹೆಸರಿಲ್ಲದಿದ್ದರೆ ಅದು ಕಾಲಾಳಿನ ನಡೆ.) ಇ4, ಇ5; ಕುದುರೆ ಎಫ್3, ಕುದುರೆ ಸಿ6; ಒಂಟೆ ಸಿ4, ಒಂಟೆ ಸಿ5; ನಾನು ಕ್ಯಾಸಲಿಂಗ್ ಮಾಡಿ ರಾಜನನ್ನು ಆನೆಯ ಬದಿಗೆ ಸರಿಸಿದೆ, ಅವರು ಕುದುರೆಯನ್ನು ಎಫ್6ಕ್ಕೆ ತಂದರು; ಡಿ3, ಡಿ6. ಆರನೆಯ ನಡೆಯಲ್ಲಿ ನಾನು ಒಂಟೆಯನ್ನು ಜಿ5ಕ್ಕೆ ಇಟ್ಟು ಆ ಕುದುರೆಯನ್ನು ಮಂತ್ರಿಗೆ ಕಟ್ಟಿಹಾಕಿದೆ. ಎಚ್6, ಒಂಟೆ ಎಚ್4, ಜಿ5, ಒಂಟೆ ಜಿ3, ಎಚ್5. ಎಚ್4 ಬಂದರೆ ನನ್ನ ಒಂಟೆಗೆ ಓಡಲು ಮನೆಯಿಲ್ಲ. ನಾನು ಕುದುರೆಯಿಂದ ಜಿ5ರ ಕಾಲಾಳನ್ನು ಹೊಡೆದೆ. ಅವರು ಎಚ್4 ಆಡಿದರು. ನನ್ನ ಕುದುರೆ ಎಫ್7ರ ಕಾಲಾಳನ್ನೂ ಹೊಡೆದು ಮಂತ್ರಿ, ಆನೆ ಎರಡರ ಮೇಲೂ ಕಣ್ಣಿಟ್ಟಿತು. ಅವರು ಮಂತ್ರಿಯನ್ನು ಕದಲಿಸದೆ ನನ್ನ ಜಿ3ರ ಒಂಟೆಯನ್ನು ಹೊಡೆದರು. ನಾನು ಮಂತ್ರಿಯನ್ನು ಹೊಡೆದೆ. ಅವರ ಒಂಟೆ ಜಿ4ಕ್ಕೆ ಬಂತು. ನನ್ನ ಮಂತ್ರಿ ಡಿ2ಕ್ಕೆ ಸರಿಯಿತು, ಅವರ ಕುದುರೆ ಡಿ4ಕ್ಕೆ. ನಾನು ಸಿ3ಕ್ಕೆ ಕುದುರೆ ತಂದೆ. ಅವರ ಕುದುರೆ ಎಫ್3ಕ್ಕೆ ಬಂದು ಚೆಕ್ ಕೊಟ್ಟಿತು. ಕಾಲಾಳಿನಿಂದ ಹೊಡೆದೆ, ಅವರ ಒಂಟೆ ಅಲ್ಲಿ ಬಂದು ಕುಳಿತಿತು. ನನ್ನ ಬಳಿ ಮಂತ್ರಿಯಿತ್ತು, ಅವರ ಬಳಿ ಇರಲಿಲ್ಲ. ಆದರೂ ಜಿ3ರ ಕಾಲಾಳು ಎಚ್2ನ್ನು ಹೊಡೆದರೆ ಚೆಕ್‌ಮೇಟ್. ಆ ಕಾಲಾಳನ್ನು ಎಚ್2ರಿಂದ ಹೊಡೆದರೆ ಆನೆ ಎಚ್1ಕ್ಕೆ ಬಂದು ಚೆಕ್‌ಮೇಟ್. ಕೈ ಕುಲುಕಿ ಸೋಲು ಒಪ್ಪಿಕೊಂಡೆ.

ಎಂಜಿನ್ ಕೆಂಪು ಗುರುತು ಹಾಕಿದ್ದು ಒಂಬತ್ತನೆಯ ನಡೆಗೆ, ಜಿ5ರ ಕಾಲಾಳು ಹೊಡೆದದ್ದಕ್ಕೆ. ಮೊದಲಿನ ರೀತಿಯಲ್ಲಾದರೆ ‘ಆ ಕಾಲಾಳು ವಿಷ’ ಎಂದುಕೊಂಡು ಮುಗಿಸುತ್ತಿದ್ದೆ. ಸಮಯದ ಸಾಲು ಬೇರೆ ಹೇಳಿತು. ಒಂಬತ್ತನೆಯ ನಡೆಗೆ ಹನ್ನೊಂದು ನಿಮಿಷ ಯೋಚಿಸಿದ್ದೆ, ಆರನೆಯ ನಡೆಗೆ ಇಪ್ಪತ್ತು ಸೆಕೆಂಡ್. ಎಡಪುಟದಲ್ಲಿ ಆರನೆಯ ನಡೆಯ ಎದುರು ಇದ್ದದ್ದು ಒಂದೇ ಸಾಲು: ‘ಕುದುರೆಯನ್ನು ಕಟ್ಟಿಹಾಕುವುದು ಒಳ್ಳೆಯದು, ಯಾವಾಗಲೂ ಹಾಗೇ ಆಡುತ್ತೇನೆ’. ನನ್ನ ರಾಜ ಆ ಬದಿಯಲ್ಲೇ ಕುಳಿತಾಗಿದೆ, ಅವರ ರಾಜ ಇನ್ನೂ ನಡುವಿನಲ್ಲಿದ್ದಾನೆ, ಆದ್ದರಿಂದ ಅವರು ಎಚ್ ಮತ್ತು ಜಿ ಕಾಲಾಳುಗಳನ್ನು ಧೈರ್ಯವಾಗಿ ಓಡಿಸಬಹುದು ಎಂಬುದು ನನ್ನ ಲೆಕ್ಕದಲ್ಲೇ ಇರಲಿಲ್ಲ. ಅಲ್ಲಿ ಸಿ3 ಆಡಿದ್ದರೆ ಸಾಕಿತ್ತು. ಕತ್ತರಿ ತಪ್ಪಿದ್ದು ಆರರಲ್ಲಿ, ಸುಕ್ಕು ಕಂಡದ್ದು ಒಂಬತ್ತರಲ್ಲಿ. ಆರಕ್ಕೆ ಎಂಜಿನ್ ಕೆಂಪು ಗುರುತನ್ನೇ ಹಾಕಿರಲಿಲ್ಲ, ಯಾಕೆಂದರೆ ಚೊಕ್ಕವಾಗಿ ಆಡುವವರು ಆಮೇಲೂ ಸಂಭಾಳಿಸಬಲ್ಲರು. ಮುಂದೆ ಹುಡುಕಿದಾಗ ತಿಳಿಯಿತು, 1862ರಲ್ಲಿ ಲಂಡನ್ನಿನಲ್ಲಿ ಇಟಲಿಯ ಡುಬೊಯಿ ಎದುರು, ಮುಂದೆ ವಿಶ್ವ ಚಾಂಪಿಯನ್ ಆದ ಸ್ಟೈನಿಟ್ಜ್ ಇದೇ ಎಂಟು ನಡೆಗಳನ್ನು ಆಡಿ ಗೆದ್ದಿದ್ದರು. ಡುಬೊಯಿ ಒಂಬತ್ತರಲ್ಲಿ ಕಾಲಾಳು ಹೊಡೆಯಲಿಲ್ಲ, ಎಚ್4 ಆಡಿದರು, ಆದರೂ ಉಳಿಯಲಿಲ್ಲ. ಸೋತ ನಂತರ ಹುಡುಕಿ ಕಲಿತ ಆರಂಭ ಮರೆಯುವುದಿಲ್ಲ.

ಎಂಜಿನ್ ಬೇಡ ಎನ್ನುತ್ತಿಲ್ಲ. ಲಿಚೆಸ್ ಎಂಬ ಚೆಸ್ ಜಾಲತಾಣದಲ್ಲಿ ಸ್ಟಾಕ್‌ಫಿಶ್ ಎಂಬ ಎಂಜಿನ್ ಉಚಿತವಾಗಿ ಸಿಗುತ್ತದೆ. ಅದನ್ನು ಮರುದಿನ ತೆರೆಯಿರಿ, ಬಲಪುಟ ತುಂಬಲು. ನೀವೇ ಅನುಮಾನಪಟ್ಟು ಗುರುತಿಸಿದ ಮೂರು ಜಾಗಗಳನ್ನು ಮೊದಲು ನೋಡಿ. ಅದು ತೋರಿಸಿದ ನಡೆ ಅರ್ಥವಾಗದಿದ್ದರೆ ನಿಮ್ಮ ನಡೆಯನ್ನೇ ಆಡಿ, ಎಂಜಿನ್ ಏನು ಮಾಡುತ್ತದೆ ನೋಡಿ, ಅದಕ್ಕೆ ಉತ್ತರ ಕೊಡಿ. ನಾಲ್ಕು ನಡೆ ಹೀಗೆ ಜಗ್ಗಾಡಿದರೆ ಕಾರಣ ಕೈಗೆ ಸಿಗುತ್ತದೆ. ಸಿಗದಿದ್ದರೆ ಬಿಟ್ಟುಬಿಡಿ, ಅದು ನಿಮ್ಮ ಮಟ್ಟದ ಪಾಠವಲ್ಲ. ‘0.4 ಕಡಿಮೆಯಾಯಿತು’ ಎಂಬಂಥ ಅಂಕಿಗಳನ್ನು ನಾನು ಬರೆಯುವುದೇ ಇಲ್ಲ.

ಬಲಪುಟದ ಕೊನೆಯಲ್ಲಿ ಸೋಲಿನ ಕಾರಣವನ್ನು ಒಂದೇ ವಾಕ್ಯದಲ್ಲಿ, ನಿಮ್ಮ ಮಾತಿನಲ್ಲಿ ಬರೆಯಿರಿ. ‘ಜಿ5 ತಪ್ಪು’ ಎಂದಲ್ಲ. ‘ಅಭ್ಯಾಸಬಲದಿಂದ ಆಡಿದೆ, ಎದುರಾಳಿಯ ರಾಜ ಎಲ್ಲಿದ್ದಾನೆ ಎಂದು ನೋಡಲಿಲ್ಲ’ ಎಂದು. ಇಪ್ಪತ್ತು ಸೋಲುಗಳಾದ ಮೇಲೆ ನಾನು ಆ ಕೊನೆಯ ಸಾಲುಗಳನ್ನಷ್ಟೇ ಓದಿದೆ. ಎಂಟರಲ್ಲಿ ಕಾರಣ ಒಂದೇ: ಕಾಯಿಯೊಂದನ್ನು ಹೊಡೆದ ಖುಷಿಯಲ್ಲಿ ಮುಂದಿನ ನಡೆಯನ್ನು ಒಂದು ನಿಮಿಷದೊಳಗೆ ಆಡಿದ್ದೆ. ಆರಂಭ ಗೊತ್ತಿಲ್ಲದೆ ಸೋತದ್ದು ಎರಡೇ ಎರಡು. ಅಷ್ಟು ವರ್ಷ ನಾನು ರಾತ್ರಿಯೆಲ್ಲ ಓದುತ್ತಿದ್ದುದು ಆರಂಭಗಳನ್ನೇ.

ನೋಟ್‌ಬುಕ್ಕನ್ನು ಇನ್ನೊಬ್ಬರಿಗೆ ತೋರಿಸಿ. ನಿಮ್ಮ ಆಟಗಳ ವಿಶ್ಲೇಷಣೆಯನ್ನು ಪ್ರಕಟಿಸಿ ಟೀಕೆಗೆ ಒಡ್ಡಿಕೊಳ್ಳಿ ಎಂದು ವಿಶ್ವ ಚಾಂಪಿಯನ್ ಆಗಿದ್ದ ಬೊಟ್ವಿನ್ನಿಕ್ ಒತ್ತಿ ಹೇಳುತ್ತಿದ್ದರು. ನನ್ನದನ್ನು ಅಕ್ಕನ ಮಗಳು ಓದುತ್ತಾಳೆ, ಪೆನ್ಸಿಲಿನಲ್ಲಿ ಪ್ರಶ್ನಾರ್ಥಕ ಚಿಹ್ನೆ ಹಾಕುತ್ತಾಳೆ. ಗೆದ್ದ ಆಟವನ್ನೂ ಬಿಡಬೇಡಿ. ಎದುರಾಳಿ ನೋಡದೆ ಬಿಟ್ಟ ಕಾರಣಕ್ಕೆ ಉಳಿದುಕೊಂಡ ತಪ್ಪುಗಳು ಅದರಲ್ಲಿರುತ್ತವೆ. ಮೊಬೈಲಿನಲ್ಲಿ ಆಡುವ ಮೂರು ನಿಮಿಷದ ಆಟಗಳನ್ನು ಬಿಚ್ಚಲು ಹೋಗಬೇಡಿ, ಅದರಲ್ಲಿ ಯೋಚನೆಯೇ ಇರುವುದಿಲ್ಲ. ವಾರಕ್ಕೊಂದು ದೀರ್ಘ ಆಟ, ಒಂದೂವರೆ ಗಂಟೆ, ಸಾಕು.

ರೇಟಿಂಗಿನಿಂದ ಇದನ್ನು ಅಳೆಯಬೇಡಿ. 2024ರ ಮಾರ್ಚ್ 1ರಂದು ಫಿಡೆ 2000ಕ್ಕಿಂತ ಕೆಳಗಿನವರ ರೇಟಿಂಗನ್ನು ಒಂದೇ ಸಲ ಏರಿಸಿದಾಗ ನನ್ನ 1290 ಇದ್ದದ್ದು 1574 ಆಯಿತು. ಅಂದು ನಾನು ಅಂಗಡಿಯಲ್ಲಿ ಶಾಲಾ ಸಮವಸ್ತ್ರ ಹೊಲಿಯುತ್ತಿದ್ದೆ. ನಾನು ಎಣಿಸುವುದು ಕೊನೆಯ ಸಾಲುಗಳನ್ನು. ‘ಹೊಡೆದ ಖುಷಿ’ ಕಳೆದ ಹತ್ತು ಆಟಗಳಲ್ಲಿ ಒಮ್ಮೆ ಮಾತ್ರ ಬಂದಿದೆ. ಈಗ ಹೆಚ್ಚು ಬರುತ್ತಿರುವುದು ಆನೆಗಳಷ್ಟೇ ಉಳಿದ ಅಂತ್ಯದಾಟಗಳು: ನನ್ನ ಆನೆಯನ್ನು ಹಿಂದಿನ ಸಾಲಿನಲ್ಲಿ ಕಾವಲಿಗೆ ಕೂರಿಸಿ ಸೋಲುತ್ತಿದ್ದೇನೆ. ಎದುರಾಳಿಯ ಕಾಲಾಳು ಮುಂದೆ ಬರುವವರೆಗೆ ಆನೆಯನ್ನು ನನ್ನ ಕಡೆಯಿಂದ ಮೂರನೆಯ ಸಾಲಿನಲ್ಲಿಟ್ಟು ಅವರ ರಾಜನನ್ನು ತಡೆಯಬೇಕು, ಕಾಲಾಳು ಆ ಸಾಲಿಗೆ ಕಾಲಿಟ್ಟ ಕೂಡಲೇ ಆನೆಯನ್ನು ದೂರ ಕಳುಹಿಸಿ ಹಿಂದಿನಿಂದ ಚೆಕ್ ಕೊಡುತ್ತಾ ಹೋಗಬೇಕು. ಫಿಲಿಡೋರ್ ಹೆಸರಿನ ಈ ರಕ್ಷಣೆಯನ್ನು ಈ ತಿಂಗಳು ಅಕ್ಕನ ಮಗಳ ಎದುರು ದಿನಕ್ಕೆ ಐದು ಸಲ ಆಡುತ್ತಿದ್ದೇನೆ. ಶಿವಮೊಗ್ಗದ ಬಸ್ಸಿನಲ್ಲಿ ಎರಡು ಗಂಟೆಯ ದಾರಿ. ಟೂರ್ನಿಯ ದಿನ ಬೆಳಿಗ್ಗೆ ನಾನು ಓದುವುದು ನೋಟ್‌ಬುಕ್ಕಿನ ಆ ಪುಟವೊಂದನ್ನೇ.